ಪ್ಲಾಸಿ ಕ್ಲೈವ್‌ನ ಮೊಮ್ಮಗ ಹರ್ಬರ್ಟ್ ಹೆಂಗಾದ? ವಂಶಾವಳಿ ಗೊತ್ತಿದ್ದೋರು ಹೇಳಿ

ಸಿರುಗುಪ್ಪ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಸಿರುಗುಪ್ಪ ತಾಲೂಕಲ್ಲಿ ಹೈಸ್ಕೂಲ್ ಹುಡುಗ್ರಿಗೆ ಸಮಾಜ ಹೇಳ್ಕೊಡ್ತೀನಿ. ಹೋದ ವಾರ ನಮ್ಮ ಬಳ್ಳಾರಿ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋದ ಪಾಠ ಮಾಡ್ತಿದ್ದೆ, 1800ರ ಅಕ್ಟೋಬರ್ 12ಕ್ಕೆ ನಿಜಾಮ ಒಪ್ಪಂದ ಮಾಡ್ಕೊಂಡು ಬಳ್ಳಾರಿ, ಅನಂತಪುರ, ಕಡಪ ಸೀಮೆ ಎಲ್ಲ ಬಿಟ್ಟುಕೊಟ್ಟ, ಅದಕ್ಕೇ ದತ್ತ ಮಂಡಲ ಅಂತಾರೆ, ಮನ್ರೋ ಸಾಹೇಬ ಕಲೆಕ್ಟರ್ ಆಗಿ ಬಂದ, ಆಗ ಮದ್ರಾಸ್ ಗವರ್ನರ್ ಲಾರ್ಡ್ ಕ್ಲೈವ್ ಅಂತ ಬೋರ್ಡ್ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಒಬ್ಳು ಎದ್ದು ನಿಂತು "ಸಾರ್, ಕ್ಲೈವ್ 1774ರಾಗೇ ಸತ್ತ ಅಂತ ನೀವೇ ಬರೆಸಿದ್ರಲ್ಲ, ಮತ್ತೆ ಇವ್ನ್ಯಾರು" ಅಂದ್ಲು. ಖುಷಿ ಆಯ್ತು ನೋಡ್ರಿ, ಅಂಥಾ ಪ್ರಶ್ನೆ ಕೇಳೋ ಮಕ್ಕಳು ಸಿಗೋದು ಅಪರೂಪ.

ಇವನು ಪ್ಲಾಸಿ ಕ್ಲೈವ್‌ನ ಮಗ ಎಡ್ವರ್ಡ್, 1798ರಿಂದ 1803ರ ತನಕ ಗವರ್ನರ್ ಅಂತ ಹೇಳ್ದೆ. ನಾಳೆ ಪೂರ್ತಿ ವಂಶಾವಳಿನೇ ಚಾರ್ಟ್ ಮಾಡಿ ತರ್ತೀನಿ ಅಂತ ಮಾತೂ ಕೊಟ್ಟೆ. ಮೂರು ದಿನದಿಂದ ಡ್ರಾಯಿಂಗ್ ಶೀಟ್ ಮೇಲೆ ಬರೆಯೋದು ಅಳಿಸೋದು, ರಬ್ಬರ್ ತಿಕ್ಕಿ ತಿಕ್ಕಿ ಮಧ್ಯದಲ್ಲಿ ಪೇಪರ್ ತೂತೇ ಬಿದ್ದೈತೆ. ಎಲ್ಲಿ ಸಿಕ್ಕಾಕೊಂಡೀನಿ ಅಂದ್ರೆ, ಅಪ್ಪ ರಾಬರ್ಟ್ ಕ್ಲೈವ್, ಮಗ ಎಡ್ವರ್ಡ್ ಕ್ಲೈವ್, ಸರಿ. ಆದ್ರೆ ಎಡ್ವರ್ಡ್‌ನ ಸ್ವಂತ ಮಗ ಎಡ್ವರ್ಡ್ ಹರ್ಬರ್ಟ್ ಅಂತ ಐತೆ. ಅಡ್ಡೆಸರೇ ಬೇರೆ! ಅಷ್ಟೇ ಅಲ್ಲ, ಒಂದು ಕಡೆ ಪೋವಿಸ್‌ನ ಮೊದಲ್ನೇ ಅರ್ಲ್ (ರಾಜ ಕೊಡೋ ದೊಡ್ಡ ಪದವಿ) ಅಂದ್ರೆ ಹೆನ್ರಿ ಹರ್ಬರ್ಟ್ ಅಂತೈತೆ, ಇನ್ನೊಂದು ಕಡೆ ಮೊದಲ್ನೇ ಅರ್ಲ್ ಎಡ್ವರ್ಡ್ ಕ್ಲೈವ್ ಅಂತೈತೆ. ಇಬ್ಬರು ಮೊದಲನೇರು ಹೆಂಗಿರ್ತಾರೆ? ದತ್ತು ಏನಾದ್ರೂ ಹೋದನಾ? ತಿಳಿದೋರು ದಯವಿಟ್ಟು ಹೇಳಿ, ಮಕ್ಕಳಿಗೆ ತಪ್ಪು ಹೇಳ್ಕೊಡೋಕೆ ಮನಸಿಲ್ಲ.

ಕೋಟೆ ಕೆಳಗಿನವ (ಬಳ್ಳಾರಿ):

ಮೇಷ್ಟ್ರೆ, ನೀವು ಗಂಡಸರ ಗೆರೆ ಮಾತ್ರ ಎಳೀತಿದೀರ, ಅದಕ್ಕೇ ಗಂಟು. ಎಡ್ವರ್ಡ್ ಕ್ಲೈವ್‌ನ ಹೆಂಡ್ತಿ ಹೆನ್ರಿಯೆಟ್ಟಾ ಹರ್ಬರ್ಟ್‌ನ ಮೊದ್ಲು ಶೀಟ್ ಮೇಲೆ ಕೂರಿಸಿ. 1784ರಲ್ಲಿ ಮದುವೆ. ಅವಳ ಅಪ್ಪನೇ ಆ ಹೆನ್ರಿ ಹರ್ಬರ್ಟ್, 1748ರಲ್ಲಿ ಪೋವಿಸ್ ಅರ್ಲ್ ಆದವನು. ಅವಳಿಗೆ ಒಬ್ಬ ಅಣ್ಣತಮ್ಮ ಇದ್ದ, ಜಾರ್ಜ್ ಅಂತ, ಎರಡ್ನೇ ಅರ್ಲ್. ಮದುವೆ ಆಗ್ಲಿಲ್ಲ, 1801ರಲ್ಲಿ ತೀರಿಹೋದ, ಗಂಡು ಸಂತಾನ ಇಲ್ಲ ಅಂತ ಪದವಿ ಅಲ್ಲಿಗೇ ಮುಗೀತು. ಆದ್ರೆ ಜಮೀನು, ವೇಲ್ಸ್‌ನಲ್ಲಿರೋ ಪೋವಿಸ್ ಕೋಟೆ ಎಲ್ಲ ಇತ್ತಲ್ಲ, ಅದನ್ನ ಅಕ್ಕತಂಗಿ ಮಗನ ಹೆಸರಿಗೆ ಬಿಟ್ಟ, ನಮ್ಮ ಅಡ್ಡೆಸರು ಇಟ್ಕೊಂಡ್ರೆ ಮಾತ್ರ ಅಂತ.

ಅಂದ್ರೆ ನಮ್ಮ ಮಾತಲ್ಲಿ ಹೇಳೋದಾದ್ರೆ ಸೋದರಮಾವನ ಆಸ್ತಿ ಸೋದರಳಿಯನಿಗೆ. ಇಂಗ್ಲಿಷಲ್ಲಿ ಅಪ್ಪನ ತಮ್ಮನೂ ಅಂಕಲ್ಲೇ, ಅಮ್ಮನ ತಮ್ಮನೂ ಅಂಕಲ್ಲೇ, ಅದನ್ನ ಓದ್ತಾ ಹೋದ್ರೆ ಯಾರಿಗೂ ತಲೆ ಕೆಡುತ್ತೆ. ಸೋದರಮಾವ ಅಂತ ಬರೀರಿ, ಹುಡುಗ್ರಿಗೆ ಒಂದೇ ಸಲಕ್ಕೆ ತಿಳಿಯುತ್ತೆ. ಆ ಅಳಿಯ 1807ರಲ್ಲಿ ರಾಜನ ಪರವಾನಗಿ ತಗೊಂಡು ಕ್ಲೈವ್ ಬಿಟ್ಟು ಹರ್ಬರ್ಟ್ ಆದ. ದತ್ತು ಅಲ್ಲ. ಅಪ್ಪ ತಾನು ಸಾಯೋ ತನಕ, ಅಂದ್ರೆ 1839ರ ತನಕ ಕ್ಲೈವ್ ಅಂತಲೇ ಇದ್ದ, ಮಗ ಮಾತ್ರ ಹರ್ಬರ್ಟ್, ಒಂದೇ ಮನೇಲಿ ಎರಡು ಅಡ್ಡೆಸರು.

ನಮ್ಮನೇಲೇ ಇಂಥದ್ದಾಗೈತೆ. ನಮ್ಮ ಮುತ್ತಾತ ಇಲ್ಲಟಂ ಅಳಿಯನಾಗಿ, ಅಂದ್ರೆ ಮನೆಅಳಿಯನಾಗಿ ಬಂದು ಹೆಂಡ್ತಿ ಕಡೆ ಮನೆತನದ ಹೆಸರೇ ಹಿಡಿದ. ಅವನ ಅಣ್ಣತಮ್ಮಂದಿರ ಮಕ್ಕಳು ಈಗ್ಲೂ ಬೇರೆ ಹೆಸರಲ್ಲಿದಾರೆ, ಜಾತ್ರೇಲಿ ಸಿಕ್ಕಾಗ ಮಾತ್ರ ನಾವೆಲ್ಲ ಒಂದೇ ಬಳ್ಳಿ ಅಂತ ನೆನಪಾಗುತ್ತೆ.

ಇಬ್ಬರು ಮೊದಲ್ನೇ ಅರ್ಲ್ ವಿಷಯ: ಹಳೇ ಪದವಿ 1801ಕ್ಕೆ ಸತ್ತೋಯ್ತು ಅಂದ್ನಲ್ಲ, 1804ರಲ್ಲಿ ರಾಜ ಅದೇ ಹೆಸರಿನ ಪದವಿನ ಹೊಸದಾಗಿ ಹುಟ್ಟಿಸಿ ಭಾವ ಎಡ್ವರ್ಡ್ ಕ್ಲೈವ್‌ಗೆ ಕೊಟ್ಟ. ಹೊಲ ಅದೇ, ಖಾತೆ ನಂಬರ್ ಹೊಸದು ಅನ್ಕೊಳ್ಳಿ, ಎಣಿಕೆ ಮತ್ತೆ ಒಂದರಿಂದ ಶುರು. ಅಸಲಿಗೆ 1674ರಲ್ಲೂ ಒಬ್ಬ ವಿಲಿಯಂ ಹರ್ಬರ್ಟ್ ಪೋವಿಸ್‌ನ ಮೊದಲ್ನೇ ಅರ್ಲ್ ಆಗಿದ್ದ, ಸೇರಿಸಿದ್ರೆ ಮೂರು ಜನ ಮೊದಲನೇರು ಆಗ್ತಾರೆ. ಹೆಸರಿನ ಮುಂದೆ ಇಸವಿ ಹಾಕದೆ ಬರೀಲೇ ಬೇಡಿ.

ಮಾನ್ವಿ ಹುಡುಗ:

ಸರ್, ನಮ್ಮ ರಾಯಚೂರು ಕಡಿ ನಿಜಾಮನ ಹತ್ರಾನೇ ಉಳೀತು, ಆದ್ರ ಅದೇ 1800ರ ಸೆಪ್ಟೆಂಬರ್ 10ಕ್ಕೆ ಕೋಣಗಲ್ ಹತ್ರ ಕಂಪನಿ ಮ್ಯಾಲೆ ಬಂಡೆದ್ದ ಧೋಂಡಿಯಾ ವಾಘನ್ನ ಬೆನ್ನತ್ತಿ ಕೊಂದವ ಆರ್ಥರ್ ವೆಲ್ಲೆಸ್ಲಿ, ಮುಂದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವ. ಅವರ ಮನಿತನದಾಗೂ ಇದೇ ಕಥಿ ಅದ, ಚಾರ್ಟ್ ಬಾಜೂಕ ಒಂದ್ ಮೂಲ್ಯಾಗ ಹಾಕ್ರಿ. ಅವರು ಮೂಲದಾಗ ವೆಲ್ಲೆಸ್ಲಿನೇ ಅಲ್ಲ, ಕಾಲಿ ಅಂತ. ಅಜ್ಜ ರಿಚರ್ಡ್ ಕಾಲಿ, ಐರ್ಲೆಂಡಿನಾಗಿದ್ದ, 1728ರಾಗ ಮಕ್ಕಳಿಲ್ಲದ ಸಂಬಂಧಿಕ ಗ್ಯಾರೆಟ್ ವೆಸ್ಲಿಯ ಆಸ್ತಿ ಬಂತು, ಆಸ್ತಿ ಜೋಡಿ ವೆಸ್ಲಿ ಅನ್ನೋ ಹೆಸರೂ ಬಂತು. ಅದು 1798ರ ಸುಮಾರು ವೆಲ್ಲೆಸ್ಲಿ ಆತು. ಮೊಮ್ಮಕ್ಕಳೇ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ, ಅವನ ತಮ್ಮ ಆರ್ಥರ್. ನಮ್ಮ ಸೀಮೆ ಹಣೆಬರಹ ಬರದ ಆ ವರ್ಷ ಕಲ್ಕತ್ತಾದಾಗ ಕೂತವ ಹೆಸರು ಬದಲಾಸಿದ ಮನಿಯವ, ಮದ್ರಾಸಿನಾಗ ಕೂತವನ ಮಗ ಹೆಸರು ಬದಲಾಸಾಂವ. ಅಲ್ಲಿ ಹೆಸರು ರಕ್ತದ ಹಿಂದ ಹೋಗಂಗಿಲ್ಲ, ಹೊಲದ ಹಿಂದ ಹೋಗ್ತದ.

ಸಿರುಗುಪ್ಪ ಮೇಷ್ಟ್ರು:

ಅಬ್ಬಾ, ಸೋದರಮಾವ ಅಂದಕೂಡ್ಲೇ ಮೂರು ದಿನದ ಗಂಟು ಬಿಚ್ತು! ಇನ್ನೊಂದು ಕೇಳ್ತೀನಿ. ಪ್ಲಾಸಿ ಕ್ಲೈವ್ 1762ರಲ್ಲೇ ಬ್ಯಾರನ್ (ಅರ್ಲ್‌ಗಿಂತ ಕೆಳಗಿನ ಪದವಿ) ಕ್ಲೈವ್ ಆಗಿದ್ದ, ಮಗನಿಗೆ 1794ರಲ್ಲಿ ಮತ್ತೆ ಬ್ಯಾರನ್ ಕ್ಲೈವ್ ಅಂತ ಯಾಕೆ ಕೊಟ್ರು? ಆಮೇಲೆ ಕೆಳಗಿನ ತಲೆಮಾರು ಎಲ್ಲಿ ತನಕ ಬರೀಲಿ?

ಕೋಟೆ ಕೆಳಗಿನವ (ಬಳ್ಳಾರಿ):

1762ರದ್ದು ಐರ್ಲೆಂಡಿನ ಪದವಿ. ಆ ಪದವಿ ಇದ್ದೋರಿಗೆ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸಲ್ಲಿ, ಅಂದ್ರೆ ಪಾರ್ಲಿಮೆಂಟಿನ ಮೇಲ್ಮನೇಲಿ ಸೀಟಿಲ್ಲ, ಅದಕ್ಕೇ ರಾಬರ್ಟ್ ಕೊನೇ ತನಕ ಕೆಳಮನೇಲಿ ಶ್ರೂಸ್‌ಬರಿ ಎಂಪಿ ಆಗಿದ್ದ, ಮಗ ಎಡ್ವರ್ಡ್ ಲಡ್ಲೋ ಎಂಪಿ ಆಗಿದ್ದ. 1794ರದ್ದು ಗ್ರೇಟ್ ಬ್ರಿಟನ್ ಪದವಿ, ಆವಾಗ ಲಾರ್ಡ್ಸ್ ಒಳಗೆ ಹೋದ.

ಕೆಳಗಡೆ ಹಿಂಗೆ: ಹರ್ಬರ್ಟ್ ಆದ ಎಡ್ವರ್ಡ್ ಹೊಸ ಎಣಿಕೇಲಿ ಎರಡ್ನೇ ಅರ್ಲ್, 1785ರಲ್ಲಿ ಹುಟ್ಟಿದವ, 1848ರಲ್ಲಿ ಶಿಕಾರಿಗೆ ಹೋದಾಗ ಸ್ವಂತ ಮಗನ ಬಂದೂಕಿನ ಗುಂಡು ಆಕಸ್ಮಿಕವಾಗಿ ತಗಲಿ ಸತ್ತ. ಹಿರೀಮಗ ಎಡ್ವರ್ಡ್ ಜೇಮ್ಸ್ ಮೂರನೇ ಅರ್ಲ್, ಮದುವೆ ಇಲ್ಲ, 1891ಕ್ಕೆ ತೀರಿದ. ಆಮೇಲೆ ತಮ್ಮನ ಮಗ ಜಾರ್ಜ್ ಚಾರ್ಲ್ಸ್ ನಾಲ್ಕನೇ ಅರ್ಲ್. ಇವನದ್ದು ಓದಿದ್ರೆ ಹೊಟ್ಟೆ ಉರಿಯುತ್ತೆ. ಇಬ್ಬರು ಗಂಡುಮಕ್ಕಳು, ದೊಡ್ಡವ ಪರ್ಸಿ 1916ರಲ್ಲಿ ಸೋಮ್ ಯುದ್ಧದ ಗಾಯದಿಂದ ಹೋದ, ಚಿಕ್ಕವ ಮರ್ವಿನ್ 1943ರಲ್ಲಿ ಏರ್‌ಫೋರ್ಸಲ್ಲಿದ್ದಾಗ ಹೋದ. ಎರಡು ಮಹಾಯುದ್ಧಕ್ಕೆ ಒಂದೊಂದು ಮಗ. ಮುದುಕ ಮಾತ್ರ 1952ರ ತನಕ ಬದುಕಿದ, ಕೋಟೆ ಹಳೇ ಕಟ್ಟಡ ಕಾಪಾಡೋ ನ್ಯಾಷನಲ್ ಟ್ರಸ್ಟ್‌ಗೆ ಹೋಯ್ತು. ಅರ್ಲ್ ಪದವಿ ದಾಯಾದಿಗಳ ಕಡೆ ತಿರುಗಿತು, ಈಗ ಎಂಟನೇವ್ರು ಇದಾರೆ. ನಿಮ್ಮ ಶೀಟಿಗೆ ನಾಲ್ಕನೇವ್ನ ತನಕ ಸಾಕು ಅನ್ಸುತ್ತೆ.

ಕೊಪ್ಪಳದ ಅಕ್ಕ:

ಮೇಷ್ಟ್ರೇ, ಪ್ರಶ್ನಿ ಕೇಳಿದಾಕಿ ಹುಡುಗಿ, ಮತ್ತ ಚಾರ್ಟಿನಾಗ ಬರೇ ಎಡ್ವರ್ಡ್, ಎಡ್ವರ್ಡ್, ಎಡ್ವರ್ಡ್! ಹೆಣ್ಮಕ್ಕಳನ್ನ ಬಿಡಬ್ಯಾಡ್ರಿ. ಗವರ್ನರ್ ಕ್ಲೈವ್‌ನ ಹೇಂತಿ ಹೆನ್ರಿಯೆಟ್ಟಾ ಇಬ್ರು ಹೆಣ್ಮಕ್ಕಳನ್ನ ಕರಕೊಂಡು 1800ರಾಗ, ಟಿಪ್ಪು ಸತ್ತು ವರ್ಷ ತುಂಬೋದ್ರಾಗ, ಮದ್ರಾಸಿನಿಂದ ಶ್ರೀರಂಗಪಟ್ಟಣದ ಕಡೆ ತಿಂಗಳುಗಟ್ಟಲೆ ಪ್ರವಾಸ ಹೊಂಟಾಳ. ಸಣ್ಣ ಮಗಳು ಷಾರ್ಲೆಟ್‌ಗೆ ಆಗ ಬರೇ ಹನ್ನೆರಡು ಹದಿಮೂರು ವರ್ಷ, ನಿಮ್ಮ ವಿದ್ಯಾರ್ಥಿನಿ ವಾರಿಗಿನೇ, ದಾರ್ಯಾಗ ಕಂಡದ್ದೆಲ್ಲಾ ಡೈರಿ ಬರದಾಳ. ಟಿಪ್ಪುವಿನ ಡೇರೆ, ಸಿಂಹಾಸನದ ಹುಲಿ ತಲಿ ಈಗ್ಲೂ ಅದೇ ಪೋವಿಸ್ ಕೋಟ್ಯಾಗ ಅದಾವು, ಅದನ್ನ ನೆನಸಿದ್ರ ಸಂಕಟ ಆಗ್ತೈತಿ. ಮುಂದ ಆ ಷಾರ್ಲೆಟ್ 1817ರಾಗ ನಾರ್ತಂಬರ್‌ಲ್ಯಾಂಡ್ ಡ್ಯೂಕ್‌ನ ಮನಿಗೆ ಸೊಸಿಯಾಗಿ ಹೋದ್ಲು, ಮುಂದ ರಾಣಿ ಆದ ವಿಕ್ಟೋರಿಯಾ ಇನ್ನೂ ಸಣ್ಣಾಕಿ ಇದ್ದಾಗ ಆಕಿಗೆ ನಡೆನುಡಿ ಕಲಿಸೋ ಗವರ್ನೆಸ್ ಆಗಿದ್ಲು. ಆ ಮನಿತನಾನೂ ಹಂಗೇ ನೋಡ್ರಿ, ಪರ್ಸಿ ಅಂತ ಕರಸ್ಕೊಂತಾರ, ಆದ್ರ ಗಂಡನ ಅಜ್ಜ ಹುಟ್ಟಿನಿಂದ ಸ್ಮಿತ್‌ಸನ್, ಹೇಂತಿ ಕಡೆ ಆಸ್ತಿಗೆ ಪರ್ಸಿ ಆದಾಂವ.

ಮನಿ ಮುಂದ ಕುಂಡ್ಯಾಗ ಕೆಂಪು ಕಿತ್ತಳೆ ಹೂ ಬಿಡೋ ಕ್ಲೈವಿಯಾ ಗಿಡ ನೋಡೀರಲ್ಲ, ಅದು ಈ ಷಾರ್ಲೆಟ್ ತವರುಮನಿ ಹೆಸರು, 1828ರಾಗ ಇಟ್ರು. ಗಂಡುಮಗ ಆಸ್ತಿಗೆ ಬಿಟ್ಟ ಹೆಸರು ಮಗಳಿಂದ ಹೂವಿಗೆ ಹತ್ತೇತಿ.

ಇನ್ನೊಬ್ಬಾಕಿ ಮ್ಯಾಲೆ ಹೇಳಿದ ಮರ್ವಿನ್‌ನ ಮಗಳು ಡವೀನಾ. ಅರ್ಲ್ ಪದವಿ ಆಕಿಗೆ ಬರಲಿಲ್ಲ, ಅದು ಗಂಡಸರಿಗಷ್ಟೇ. ಆದ್ರ ಅಜ್ಜಿ ಕಡೆಯಿಂದ ಬಂದ ಡಾರ್ಸಿ ಡಿ ನೇತ್ ಅನ್ನೋ ಹಳೇ ಬ್ಯಾರನ್ ಪದವಿ ಹೆಣ್ಮಕ್ಕಳಿಗೂ ಇಳಿಯೂದು, ಹಂಗಾಗಿ ಅಪ್ಪ ಸತ್ತಾಗ ಇನ್ನೂ ಐದು ತುಂಬದ ಕೂಸು ಬ್ಯಾರನೆಸ್ ಆತು. ಮುಂದ ಕಾರ್ ಅಪಘಾತದಾಗ ಕಾಲಿನ ಸ್ವಾಧೀನ ಹೋಗಿ ವೀಲ್‌ಚೇರ್‌ನಾಗೇ ಹೌಸ್ ಆಫ್ ಲಾರ್ಡ್ಸಿಗೆ ಹೋಗಿ ಅಂಗವಿಕಲರ ಪರವಾಗಿ ಮಾತಾಡಿದಾಕಿ. ನಾಲ್ಕನೇ ಅರ್ಲ್‌ಗೆ ನಿಲ್ಲಸಬ್ಯಾಡ್ರಿ, ಇಕೀನ ತನಕ ಗೆರಿ ಎಳೀರಿ.

ಸಿರುಗುಪ್ಪ ಮೇಷ್ಟ್ರು:

ಅಕ್ಕಾರೆ, ನಿಮ್ ಮಾತು ನಾಟಿತು. ನಾನು ಸಣ್ಣೋನಿದ್ದಾಗ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಮೇಲೆ ಬರೋರು, ನಮ್ಮಜ್ಜ ಕಂಬಳಿ ಹಾಸಿ ಕೂರಿಸೋರು, ಅವರು ಮೂಲಪುರುಷನಿಂದ ಹಿಡಿದು ನನ್ನ ಹೆಸರಿನ ತನಕ ಒಂದೇ ಉಸಿರಲ್ಲಿ ಹೇಳಿ, ಹೊಸದಾಗಿ ಹುಟ್ಟಿದೋರನ್ನ ಕೇಳಿ ಬರ್ಕೊಂಡು, ಮೊರದ ತುಂಬ ಜೋಳ ತಗೊಂಡು ಹೋಗೋರು. ಅವತ್ತು ನಮ್ಮಕ್ಕ ಕಂಬದ ಹಿಂದೆ ನಿಂತು "ನನ್ನೆಸ್ರು ಹೇಳ್ಲೇ ಇಲ್ಲ" ಅಂತ ಅತ್ತಿದ್ದು ಈಗ ನೆನಪಾಯ್ತು.

ತೂತು ಬಿದ್ದ ಶೀಟ್ ಬಿಟ್ಟು ಹೊಸದು ತಂದೀನಿ. ಮಧ್ಯದಲ್ಲಿ ಹೆನ್ರಿಯೆಟ್ಟಾ, ಎಡಕ್ಕೆ ತವರುಮನೆ ಹರ್ಬರ್ಟ್, ಬಲಕ್ಕೆ ಗಂಡನ ಮನೆ ಕ್ಲೈವ್. ಕ್ಲೈವ್‌ರಿಗೆ ನೀಲಿ ಸ್ಕೆಚ್, ಹರ್ಬರ್ಟ್‌ರಿಗೆ ಕೆಂಪು, 1807ರಲ್ಲಿ ಹೆಸರು ಬದಲಾಸಿದವನಿಗೆ ಎರಡೂ ಬಣ್ಣ. ಸೋಮವಾರ ಆ ಹುಡುಗಿ ಕೈಲೇ ಬೋರ್ಡಿಗೆ ಅಂಟಿಸ್ತೀನಿ, ಅವಳು ಮತ್ತೇನಾದ್ರೂ ಕೇಳಿದ್ರೆ ಇಲ್ಲಿಗೇ ಬರ್ತೀನಿ.