ಮರು: ಹಾವಿನ ವಿಷ ‘ಹಿಂಡುವುದು’ ಸರಿಯೇ? (ನಾಳೆಯೇ ಬೇಕು)

ಚೆನ್ನೈ ಹತ್ತಿರದ ವಡನೆಮ್ಮೇಲಿ ಮೊಸಳೆ ಪಾರ್ಕಿಗೆ ಹೋಗುವ ಮಕ್ಕಳ ಕೈಪತ್ರ ನಾಳೆ ಅಚ್ಚಿಗೆ ಹೋಗಬೇಕು, ಅಲ್ಲಿ ಇರುಳ ಬುಡಕಟ್ಟಿನವರ ಸಹಕಾರ ಸಂಘ ಮದ್ದಿಗಾಗಿ ಹಾವಿನಿಂದ ವಿಷ ತೆಗೆಯುವುದಕ್ಕೆ ಕನ್ನಡದಲ್ಲಿ ಏನು ಬರೆಯಲಿ ಅಂತ ಮೇಡಂ ಕೇಳಿದ್ದಾರೆ. ಇಲ್ಲಿ ನೋಡಿದರೆ ‘ವಿಷ’ ಸಂಸ್ಕೃತ, ‘ನಂಜು’ ಅನ್ನಬೇಕು ಅಂತ ಜಗಳ.

ಮೇಡಂ, ‘ವಿಷ ಹಿಂಡುವುದು’ ಅಂತಲೇ ಬರೆಯಿರಿ. ಗಾಜಿನ ಲೋಟದ ಬಾಯಿಗೆ ತೆಳು ಹಾಳೆ ಬಿಗಿದು, ಹಾವು ಅದನ್ನು ಕಚ್ಚುವಂತೆ ಮಾಡಿ, ಕಣ್ಣಿನ ಹಿಂದಿರುವ ವಿಷದ ಗ್ರಂಥಿಯನ್ನು ಮೆಲ್ಲಗೆ ಒತ್ತುತ್ತಾರೆ. ಅದು ಹಿಂಡುವುದೇ ಅಲ್ವಾ? ‘ವಿಷ ಕರೆಯುವುದು’ ಅಂದರೆ ಮಕ್ಕಳು ಕೂಗುವುದು ಅಂದುಕೊಳ್ಳುತ್ತಾರೆ. ‘ವಿಷ ಇಳಿಸುವುದು’ ಖಂಡಿತ ಬೇಡ. ಕಚ್ಚಿಸಿಕೊಂಡವರಿಗೆ ಮಂತ್ರ ಹಾಕಿ, ಬೇರು ಅರೆದು ಕೊಡುವುದಕ್ಕೆ ಜನ ಬಳಸುವ ಮಾತು ಅದು. ಆ ನಂಬಿಕೆಯಿಂದಲೇ ಎಷ್ಟೋ ಜನ ಆಸ್ಪತ್ರೆಗೆ ತಡವಾಗಿ ಬಂದು ಸಾಯುತ್ತಾರೆ.

ಇನ್ನು ‘ನಂಜು’. ನಂಜನಗೂಡು, ನಂಜುಂಡ ಎಲ್ಲ ನನಗೂ ಗೊತ್ತು, ತಮಿಳಿನಲ್ಲೂ ಇದೆ, ಒಳ್ಳೆಯ ಹಳೆಯ ಪದ. ಆದರೆ ಇವತ್ತು ಗಾಯ ನಂಜಾಗಿದೆ ಅಂದರೆ ಕೀವು ಕಟ್ಟಿದೆ ಅಂತ, ಬದನೆಕಾಯಿ ನಂಜು ಅಂದರೆ ತಿಂದರೆ ಗಾಯ ಮಾಯುವುದಿಲ್ಲ ಅಂತ. ಹಾವಿನದನ್ನು ‘ವಿಷ’ ಅನ್ನದ ರೈತರನ್ನು ನಾನು ನೋಡಿಲ್ಲ. ಎರವಲನ್ನೆಲ್ಲ ಕಿತ್ತು ಹಾಕುತ್ತಾ ಹೋದರೆ ‘ಔಷಧ’ವೂ ಉಳಿಯುವುದಿಲ್ಲ, ‘ಆಸ್ಪತ್ರೆ’ಯೂ ಉಳಿಯುವುದಿಲ್ಲ. ಹಾವು ಕಚ್ಚಿದಾಗ ಕೊಡುವ ಮದ್ದಿಗೆ ‘ನಂಜಳಿಕ’ ಅಂತ ಹೊಸದಾಗಿ ಕಟ್ಟಿದವರಿಗೆ ಒಂದೇ ಮಾತು: ರಾತ್ರಿ ಹೊತ್ತು ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನು ಕೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ‘ಪ್ರತಿವಿಷ’ ಬರೆದು ಪಕ್ಕದಲ್ಲಿ ‘ಎಎಸ್‌ವಿ’ (ಆಂಟಿ ಸ್ನೇಕ್ ವೆನಮ್) ಸೇರಿಸಿ, ನರ್ಸುಗಳು ಹೇಳುವುದು ಅದನ್ನೇ. ಹಿಂಡಿದ ವಿಷವನ್ನು ಒಣಗಿಸಿ, ಕುದುರೆಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಿಂದ ಈ ಮದ್ದು ಮಾಡುತ್ತಾರೆ ಅಂತ ಒಂದು ಸಾಲು ಹಾಕಿದರೆ ಸಾಕು.

‘ರಸೆಲ್ಸ್ ವೈಪರ್’ ಅಂತ ಇಂಗ್ಲಿಷಿನಲ್ಲೇ ಯಾಕೆ ಬಿಟ್ಟಿದ್ದೀರಿ? ಅದು ಕೊಳಕುಮಂಡಲ. ಅಲ್ಲಿ ವಿಷ ಹಿಂಡುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಇವುಗಳದ್ದು. ನಾಲ್ಕಕ್ಕೂ ಕನ್ನಡದ ಹೆಸರಿದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ, ಇಷ್ಟು ಜನ ಬರೆದರೂ ಯಾರೂ ಹೇಳಲಿಲ್ಲ. ಕೈಪತ್ರದಲ್ಲಿ ಇರುಳರನ್ನು ‘ಹಾವಾಡಿಗರು’ ಅಂದಿದ್ದೀರಿ. ಅವರು ಹಾವು ಆಡಿಸುವವರಲ್ಲ, ಹಿಡಿಯುವವರು. ಹಾವಿನ ಚರ್ಮದ ವ್ಯಾಪಾರಕ್ಕೆ ಕಾನೂನಿನ ತಡೆ ಬಿದ್ದ ಮೇಲೆ, 1978ರಲ್ಲಿ ಅವರ ಈ ಸಹಕಾರ ಸಂಘ ಶುರುವಾಯಿತು. ಹಿಡಿದ ಹಾವನ್ನು ಸುಮಾರು ಮೂರು ವಾರ ಮಡಕೆಯಲ್ಲಿಟ್ಟು, ನಾಲ್ಕು ಸಲ ವಿಷ ಹಿಂಡಿ, ವಾಪಸ್ ಬಿಡುತ್ತಾರೆ. 2023ರಲ್ಲಿ ಇಬ್ಬರು ಇರುಳರಿಗೆ ಪದ್ಮಶ್ರೀ ಬಂದದ್ದೂ ಹಾವು ಹಿಡಿಯುವ ಕೈಚಳಕಕ್ಕೇ. ‘ಹಾವು ಹಿಡಿಯುವ ಇರುಳರು’ ಅಂತ ತಿದ್ದಿ, ಆಮೇಲೆ ಅಚ್ಚಿಗೆ ಕೊಡಿ.