ವಾಷಿಂಗ್ ಮಷೀನ್ ನೀರು ಗಿಡಕ್ಕೆ ಬಿಟ್ಟವರು ಸ್ವಲ್ಪ ಹೇಳಿ

ಮಷೀನಿನ ನೀರು ಹಿತ್ತಲ ಗಿಡಗಳಿಗೆ ಹೋಗಲಿ ಅಂತ 1 ಇಂಚು ಪೈಪ್ ಎಳೆಸಿ ಆರು ತಿಂಗಳಾಯ್ತು. ಈಗ ನೀರು ಖಾಲಿಯಾಗೋಕೆ ತುಂಬಾ ಹೊತ್ತು ಹಿಡಿಯುತ್ತೆ, ಒಮ್ಮೊಮ್ಮೆ ಮಷೀನ್ ಎರರ್ ತೋರಿಸಿ ನಿಂತುಬಿಡುತ್ತೆ. ಗಿಡದ ಬುಡದಲ್ಲಿ ಕೊಳೆತ ವಾಸನೆ ಬೇರೆ. ಕಸ ಹೋಗಬಾರದು ಅಂತ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದ್ದೇನೆ. ಎಲ್ಲಿ ತಪ್ಪಿದೆ?

— ಮೊದಲು ಆ ಜಾಲರಿ ಬಿಚ್ಚಿ. ನಾನೂ ಕಟ್ಟಿದ್ದೆ. ಬಿಚ್ಚಿ ನೋಡಿದರೆ ಬಟ್ಟೆಯ ಜುಂಗು, ಕೂದಲು, ಸೋಪಿನ ಜಿಡ್ಡು ಎಲ್ಲ ಸೇರಿ ಒದ್ದೆ ಕಂಬಳಿ ತುಂಡಿನ ಹಾಗೆ ಅಂಟಿಕೊಂಡಿತ್ತು. ಮಷೀನಿನ ಪಂಪ್ ಚಿಕ್ಕದು, ಪಕ್ಕದ ಡ್ರೈನಿಗೆ ನೀರು ಎತ್ತಿಹಾಕಲಿಕ್ಕೆ ಮಾಡಿದ್ದು. ಜಾಲರಿಯಲ್ಲಿ ನೀರು ಹಿಂಡುವ ಶಕ್ತಿ ಅದಕ್ಕಿಲ್ಲ. ಜುಂಗು ಬುಡಕ್ಕೇ ಹೋಗಲಿ ಬಿಡಿ. ಹತ್ತಿಯದು ಕೊಳೆತು ಹೋಗುತ್ತೆ, ಪಾಲಿಯೆಸ್ಟರ್‌ನದು ಕೊಳೆಯಲ್ಲ, ಅದನ್ನು ಆಗಾಗ ಬಾಚಿ ತೆಗೀತೇನೆ.

ಆಮೇಲೂ ನಿಧಾನವಾದರೆ ಮಷೀನಿನ ನೀರು ಹೊರಹಾಕೋ ಹೋಸನ್ನು ಪೈಪಿನಿಂದ ಕಳಚಿ, ಮೊದಲಿದ್ದ ಎತ್ತರದಲ್ಲೇ ಹಿಡಿದು, ದೊಡ್ಡ ಬಕೆಟ್‌ಗೆ ಬಿಟ್ಟು ನೋಡಿ. ಸರಾಗವಾಗಿ ಸುರಿದರೆ ತೊಂದರೆ ಪೈಪಿನಲ್ಲಿ. ಅಲ್ಲೂ ಅಳುತ್ತಾ ಬಂದರೆ ಮಷೀನಿನ ಪಂಪ್ ಫಿಲ್ಟರ್ ತೆಗೆದು ನೋಡಿ. ಫ್ರಂಟ್ ಲೋಡ್ ಆದರೆ ಸಾಮಾನ್ಯವಾಗಿ ಮುಂದುಗಡೆ ಕೆಳಗೆ ಸಣ್ಣ ಮುಚ್ಚಳ ಇರುತ್ತೆ. ನನ್ನದರಲ್ಲಿ ಒಂದು ಗುಂಡಿ, ಎರಡು ಹೇರ್‌ಪಿನ್ ಸಿಕ್ಕವು. ತೆರೆಯೋ ಮುಂಚೆ ಅಗಲದ ತಟ್ಟೆ ಇಡಿ, ಇಲ್ಲದಿದ್ದರೆ ನೆಲ ಒರೆಸೋದೇ ಕೆಲಸ.

— ವಾಸನೆ ಅಂದರೆ ಎಲ್ಲೋ ನೀರು ನಿಂತಿದೆ. ಪೈಪ್ ನಡುವೆ ಹೊಟ್ಟೆ ಬಿಟ್ಟಿದೆಯಾ ನೋಡಿ. ಪೈಪಿನ ಬಾಯಿ ಮಣ್ಣಲ್ಲಿ ಹೂತಿದ್ದರೆ ಬೇರು ಒಳಗೇ ನುಗ್ಗುತ್ತೆ. ನೀರು ನಾಲ್ಕು ಬೆರಳು ಮೇಲಿಂದ ಮರದ ಚಕ್ಕೆ ತುಂಬಿದ ಗುಂಡಿಗೆ ಬೀಳಬೇಕು. ನಾನು ಒಣಗಿದ ಎಲೆ ಹಾಕಿ ಕೆಟ್ಟೆ, ಎರಡೇ ತಿಂಗಳಿಗೆ ಅಂಟಿನ ಹಾಗಾಯ್ತು. ಡ್ರಮ್ಮಿನಲ್ಲಿ ಹಿಡಿದಿಡೋ ಯೋಚನೆ ಬೇಡವೇ ಬೇಡ, 24 ಗಂಟೆ ದಾಟಿದರೆ ಹತ್ತಿರ ಹೋಗೋಕಾಗಲ್ಲ.

— ನಮ್ಮದು ಉಲ್ಟಾ ಕಥೆ. ತೋಟ ಮಷೀನಿಗಿಂತ ತಗ್ಗಿನಲ್ಲಿದೆ. ಮಷೀನ್ ನೀರು ತುಂಬಿಸ್ತಾ ಇದೆ, ಅದು ತಾನಾಗೇ ಸೈಫನ್ ಆಗಿ, ಅಂದರೆ ಪಂಪ್ ಇಲ್ಲದೆಯೇ ತಗ್ಗಿನ ಕಡೆ ಎಳೆದುಕೊಂಡು, ಹೊರಗೆ ಹೋಗ್ತಾ ಇದೆ! ಒಂದು ತಾಸು ಆದಮೇಲೆ ಗೊತ್ತಾಯ್ತು. ಪೈಪಿನ ಅತಿ ಎತ್ತರದ ಜಾಗದಲ್ಲಿ, ಮಷೀನಿನ ತಲೆಗಿಂತ ಮೇಲೆ, ಗಾಳಿ ಎಳೆದುಕೊಳ್ಳೋ ವಾಲ್ವ್ ಹಾಕಿಸಿದ ಮೇಲೆ ನಿಂತಿತು. ಅದರಿಂದ ನೀರು ಜಿನುಗಿದರೆ ಮುಂದೆಲ್ಲೋ ಕಟ್ಟಿಕೊಂಡಿರಬಹುದು, ಅಲ್ಲೂ ಹುಡುಕಿ.

— ಪುಡಿ ಹಾಕ್ತೀರಾ, ಲಿಕ್ವಿಡ್ಡಾ? ಪುಡಿಯಲ್ಲಿ ಸಾಮಾನ್ಯವಾಗಿ ಸೋಡಿಯಂ ಜಾಸ್ತಿ. ನನ್ನ ಗಿಡಗಳ ಎಲೆಯಂಚು ಸುಟ್ಟ ಹಾಗಾಗಿತ್ತು. ಬೋರಾನ್ ಇರೋ ಸೋಪೂ ಬೇಡ, ಅದು ಹೆಚ್ಚಾದರೆ ಗಿಡಕ್ಕೆ ವಿಷ. ಬ್ಲೀಚ್ ಹಾಕಿದ ದಿನ, ಮಗುವಿನ ಕಕ್ಕದ ಬಟ್ಟೆ ಒಗೆದ ದಿನ ಮೂರು ದಾರಿ ವಾಲ್ವ್ (ನೀರನ್ನು ಗಿಡಕ್ಕೋ ಚರಂಡಿಗೋ ಬಿಡೋದು) ಚರಂಡಿ ಕಡೆ ತಿರುಗಿಸಿಬಿಡಿ.

ಕೇಳಿದವನು ನಾನೇ. ಜಾಲರಿ ತೆಗೆದೆ, ಎರರ್ ಹೋಯ್ತು. ಆದರೆ ಮೊದಲ ಗಿಡಕ್ಕೆ ಹೊಳೆ, ಕೊನೆಯದಕ್ಕೆ ತೊಟ್ಟು.

— ಮೊದಲೆರಡು ಬಾಯಿಗೆ ಸಣ್ಣ ವಾಲ್ವ್ ಹಾಕಿ ಅರ್ಧ ಮುಚ್ಚಿ. ಕೊನೆಯದನ್ನು ಮಾತ್ರ ಮುಟ್ಟಬೇಡಿ, ಅದು ಪೂರ್ತಿ ತೆರೆದೇ ಇರಲಿ, ಇಲ್ಲದಿದ್ದರೆ ಮತ್ತೆ ಪಂಪಿನ ಕತ್ತು ಹಿಸುಕಿದ ಹಾಗೆ.