ಗೇಮ್ ಪೇಜಿನಲ್ಲಿ ಸ್ಫೂರ್ತಿ ಕೊಟ್ಟವರ ಹೆಸರು ಹಾಕಬೇಕಾ?

ಕಣದ ರೈಟರ್ (ಮೂಡಿಗೆರೆ ಕಡೆ)

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಚಿಕ್ಕಪ್ಪನ ಮಗನೂ ಸೇರಿ ಗೇಮ್ ಕಟ್ಟೋ ಸಾಫ್ಟ್‌ವೇರ್ ಗೊಡಾಟ್‌ನಲ್ಲಿ ಒಂದು ಗೇಮ್ ಮಾಡ್ತಿದ್ದೀವಿ. ಆಡೋರು ಒಂದು ಕಾಫಿ ತೋಟದ ರೈಟರ್, ಅಂದ್ರೆ ಹಾಜರಿ, ಲೆಕ್ಕ ಬರೆಯೋರು. ಬೆಳಿಗ್ಗೆ ಮಸ್ಟರ್ (ಆಳುಗಳ ಹಾಜರಿ) ತಗೋಬೇಕು, ಯಾವ ಬ್ಲಾಕಿಗೆ ಎಷ್ಟು ಜನ ಅಂತ ಮೇಸ್ತ್ರಿಗೆ ಹೇಳ್ಬೇಕು, ಸಂಜೆ ಹಣ್ಣು ತೂಗಿ ಒಬ್ಬೊಬ್ಬರ ಹೆಸರಿನ ಮುಂದೆ ಕೆಜಿ ಬರೀಬೇಕು. ಕಾಫಿ ಹೂ ಅರಳಿಸೋ ಹೂಮಳೆ ಕೈಕೊಟ್ರೆ ಸ್ಪ್ರಿಂಕ್ಲರ್ ಹಾಕೋದಾ, ಕೆರೆ ನೀರು ಉಳಿಸ್ಕೊಳ್ಳೋದಾ ಅಂತ ತೀರ್ಮಾನ ಮಾಡ್ಬೇಕು. ಕಣದಲ್ಲಿ ಕಾಫಿ ಹರಡಿರುವಾಗ ಮೋಡ ಕಟ್ಟಿದ್ರೆ ಟಾರ್ಪಾಲು ಹಿಡ್ಕೊಂಡು ಓಡ್ಬೇಕು.

ಈಗ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ನಮ್ಮ ಪೇಜ್ ಬರೀತಾ ನಮ್ಮಿಬ್ಬರಿಗೂ ಜಟಾಪಟಿ. ಬೇಸಾಯದ ಗೇಮ್ ಸ್ಟಾರ್ಡ್ಯೂ ವ್ಯಾಲಿ ಆಡದೇ ಇದ್ದಿದ್ರೆ ನಾವು ಈ ಕೆಲಸಕ್ಕೆ ಕೈ ಹಾಕ್ತಾನೇ ಇರಲಿಲ್ಲ. ಗಡಿಯಲ್ಲಿ ಜನರ ದಾಖಲೆ ತಾಳೆ ನೋಡೋ ಗೇಮ್ ಪೇಪರ್ಸ್ ಪ್ಲೀಸ್ ಇಲ್ಲದಿದ್ರೆ ಮಸ್ಟರ್ ಟೇಬಲ್ ಹೊಳೀತಾನೇ ಇರಲಿಲ್ಲ. ನಮ್ಮ ಗೇಮಲ್ಲಿ ಒಂದು ಕಡೆ ಹಾಜರಿ ಪುಸ್ತಕ, ಇನ್ನೊಂದು ಕಡೆ ತೂಕದ ಚೀಟಿ. ರಜೆ ಹಾಕಿದವರ ಹೆಸರಲ್ಲಿ ನಲವತ್ತು ಕೆಜಿ ಹಣ್ಣು ಹೇಗೆ ಬಂತು ಅಂತ ಹಿಡೀಬೇಕು. ಹಿಡಿದ ಮೇಲೆ ಮಾಲೀಕರಿಗೆ ಹೇಳೋದಾ, ಸುಮ್ನಿರೋದಾ, ಅದೂ ನಿಮಗೆ ಬಿಟ್ಟಿದ್ದು. "ಅವರ ಹೆಸರು ಹಾಕಿದ್ರೆ ಜನ ನಮ್ಮ ಗೇಮನ್ನ ಕಾಪಿ ಅಂತಾರೆ" ಅಂತಾನೆ ತಮ್ಮ. ಹಾಕದೇ ಇರೋಕೆ ನನ್ನ ಮನಸ್ಸು ಒಪ್ತಿಲ್ಲ.

ಇನ್ನೊಂದು ವಿಷಯ. ನಮ್ಮ ಪಕ್ಕದ ತೋಟದ ಲೈನ್ ಮನೆಯಲ್ಲಿರೋ ಒಬ್ಬರು ಅಜ್ಜಿ ಸುಗ್ಗಿ ಹಾಡು ಹಾಡ್ತಾರೆ. ಅವರನ್ನ ಕೇಳಿಯೇ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ವಿ. ಕೊಯ್ಲಿನ ಭಾಗದಲ್ಲಿ ಬರೋದು ಅವರ ದನಿಯೇ. "ಜಾನಪದ ಅಂತ ಬರೆದ್ರೆ ಸಾಕು" ಅಂತ ಗೆಳೆಯರೊಬ್ಬರು ಹೇಳಿದ್ರು. ಸಾಕಾ?

ಹಾಸನದ ಪಿಕ್ಸೆಲ್

ಬೇರೆ ಗೇಮ್ ಹೆಸರು ಬೇಡ ಅನ್ನೋದು ನನ್ನ ಮಾತು. ಟ್ಯಾಗ್ ನೋಡಿದ್ರೇ ಯಾವ ಜಾತಿ ಗೇಮ್ ಅಂತ ಗೊತ್ತಾಗತ್ತೆ. ಇಂಟರ್‌ವ್ಯೂನಲ್ಲಿ ಯಾರಾದ್ರೂ ಕೇಳಿದ್ರೆ ಆಗ ಹೇಳಿ.

ಬಿಸಿಲೆ ಘಾಟ್ (ಸಕಲೇಶಪುರ)

ಕೇಳೋವರೆಗೂ ಕಾಯೋದು ಯಾಕೆ? ನಮ್ಮಂಥವರನ್ನ ಇಂಟರ್‌ವ್ಯೂ ಮಾಡೋರು ಎಷ್ಟು ಜನ? ಹೇಳೋದಿದ್ರೆ ನಾವೇ ಹೇಳ್ಬೇಕು.

ರೈಟರ್ ಅವರೇ, ಕಾನೂನಿನ ಭಯ ಬಿಡಿ. ಬರೀ ಯೋಚನೆಗೆ ಕಾಪಿರೈಟ್ ಇಲ್ಲ, ಅದನ್ನ ಕಟ್ಟಿಕೊಟ್ಟ ರೂಪಕ್ಕೆ ಮಾತ್ರ ಅಂತ ಸುಪ್ರೀಂ ಕೋರ್ಟ್ ಆರ್.ಜಿ. ಆನಂದ್ ಕೇಸಲ್ಲಿ 1978ರಲ್ಲೇ ಹೇಳಿದೆ. ದಾಖಲೆ ತಾಳೆ ನೋಡೋ ಆಟ ಯಾರು ಬೇಕಾದ್ರೂ ಮಾಡಬಹುದು. ಹೆಸರು ಹಾಕೋದು ಋಣಕ್ಕೆ. ಸ್ಟಾರ್ಡ್ಯೂ ಮಾಡಿದ ಎರಿಕ್ ಬ್ಯಾರೋನ್ 1996ರಲ್ಲಿ ಶುರುವಾದ ಹಾರ್ವೆಸ್ಟ್ ಮೂನ್ ಗೇಮ್ ಸರಣಿಯ ಋಣವನ್ನ ಯಾವತ್ತೂ ಮುಚ್ಚಿಟ್ಟಿಲ್ಲ. ವ್ಯಾಂಪೈರ್ ಸರ್ವೈವರ್ಸ್ ಗೇಮ್‌ನ ಲೂಕಾ ಗಲಾಂಟೆ ಮ್ಯಾಜಿಕ್ ಸರ್ವೈವಲ್ ಅನ್ನೋ ಮೊಬೈಲ್ ಗೇಮಿನಿಂದ ಸ್ಫೂರ್ತಿ ಸಿಕ್ಕಿದ್ದು ಅಂತ ಹೆಸರು ಹಿಡಿದೇ ಹೇಳಿದ್ದಾರೆ. ಅದರಿಂದ ಇಬ್ಬರ ಮರ್ಯಾದೆಯೂ ಕಮ್ಮಿ ಆಗಿಲ್ಲ.

ಆದ್ರೆ ಎಲ್ಲಿ ಹಾಕ್ತೀರಿ, ಹೇಗೆ ಹಾಕ್ತೀರಿ ಅನ್ನೋದು ಮುಖ್ಯ. ಪೇಜಿನ ಮೇಲ್ಗಡೆಯ ಚಿಕ್ಕ ವಿವರಣೆಗೆ ಸಿಗೋದು ಮುನ್ನೂರು ಅಕ್ಷರ. ಅಲ್ಲಿ ಮಸ್ಟರ್, ಕಣ, ಮಳೆ ಬರಲಿ, ಬೇರೆಯವರ ಗೇಮ್ ಬೇಡ. ಅಂಗಡಿಯ ಪಟ್ಟಿಯಲ್ಲಿ ಗೇಮಿನ ಗುರುತಾಗಿ ಕಾಣೋ ಕ್ಯಾಪ್ಸೂಲ್ ಚಿತ್ರದಲ್ಲಂತೂ 2022ರ ಸೆಪ್ಟೆಂಬರ್‌ನಿಂದ ಗೇಮಿನ ಸ್ವಂತ ಹೆಸರು, ಉಪಶೀರ್ಷಿಕೆ ಬಿಟ್ಟು ಬೇರೆ ಬರಹ ಹಾಕೋಕೆ ಸ್ಟೀಮ್ ಬಿಡಲ್ಲ. ಮುಂದೆ ಫೋನಿಗೆ ತಂದ್ರೆ, ಆಪಲ್‌ನ ಆಪ್ ಸ್ಟೋರಿನ ಕೀವರ್ಡ್ (ಹುಡುಕೋ ಪದ) ಜಾಗದಲ್ಲಿ ಹೆಸರಾದ ಗೇಮ್‌ಗಳ ಹೆಸರು ತುರುಕೋದು ನಿಯಮಕ್ಕೇ ವಿರುದ್ಧ.

ದೊಡ್ಡ ವಿವರಣೆಯ ಕೊನೆಗೆ ಹಾಕಿ. ಆದ್ರೆ "ಸ್ಟಾರ್ಡ್ಯೂ ಇಷ್ಟಪಟ್ಟವರಿಗೆ ಇದೂ ಇಷ್ಟ ಆಗತ್ತೆ" ಅಂತ ಬರೀಬೇಡಿ. ಅದು ಅವರ ಗಿರಾಕಿಯನ್ನ ಕರೆಯೋದಾಯ್ತು. ಹಾಗೆ ಬಂದವರು ಮೀನು ಹಿಡಿಯೋದೆಲ್ಲಿ, ಮದುವೆ ಆಗೋದೆಲ್ಲಿ ಅಂತ ಹುಡುಕ್ತಾರೆ, ಸಿಗದಿದ್ರೆ ಎರಡು ಗಂಟೆ ಆಡೋದ್ರೊಳಗೆ ರಿಫಂಡ್ ತಗೊಂಡು ಹೋಗ್ತಾರೆ. ಏನು ತಗೊಂಡ್ರೋ ಅದನ್ನ ಬಿಡಿಸಿ ಬರೀರಿ: "ಎರಡು ದಾಖಲೆ ಪಕ್ಕಪಕ್ಕ ಇಟ್ಟು ತಪ್ಪು ಹುಡುಕುವ ಮಸ್ಟರ್ ಟೇಬಲ್‌ಗೆ ಲ್ಯೂಕಸ್ ಪೋಪ್ ಅವರ ಪೇಪರ್ಸ್ ಪ್ಲೀಸ್ ದಾರಿ ತೋರಿಸಿತು." ಓದಿದವರಿಗೆ ಅವರದ್ದು ಎಷ್ಟು, ನಿಮ್ಮದು ಎಷ್ಟು ಅಂತ ಗೊತ್ತಾಗತ್ತೆ. ಕಾಪಿ ಅನ್ನೋರಿಗೂ ಅದೇ ಉತ್ತರ.

ಇನ್ನು ಅಜ್ಜಿ ವಿಷಯ. ದಯವಿಟ್ಟು ಅವರನ್ನ ಸ್ಫೂರ್ತಿ ಅನ್ನೋ ಪಟ್ಟಿಗೆ ಸೇರಿಸಬೇಡಿ. ಅವರು ನಿಮ್ಮ ಗೇಮಿನ ಗಾಯಕಿ. ಹಾಡು ಊರಿನದ್ದೇ ಇರಬಹುದು, ದನಿ ಅವರದ್ದು. ಹಾಡಿದವರಿಗೆ, ಇದು ನಾನು ಹಾಡಿದ್ದು ಅಂತ ಗುರುತಿಸಿಕೊಳ್ಳೋ ಹಕ್ಕನ್ನ 1957ರ ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ರೆಕಾರ್ಡ್ ಮಾಡೋಕೆ ಒಪ್ಪಿದ್ದು ಬೇರೆ, ಮಾರೋ ಗೇಮಲ್ಲಿ ಹಾಕೋಕೆ ಒಪ್ಪೋದು ಬೇರೆ. ಲ್ಯಾಪ್‌ಟಾಪ್ ತಗೊಂಡು ಹೋಗಿ, ಅವರ ಹಾಡು ಎಲ್ಲಿ ಬರತ್ತೆ ಅಂತ ತೋರ್ಸಿ, ಇದನ್ನ ದುಡ್ಡಿಗೆ ಮಾರ್ತೀವಿ ಅಂತ ಬಾಯಿಬಿಟ್ಟು ಹೇಳಿ. ಮೊದಲು ದುಡ್ಡು ಕೊಡಿ. ಒಪ್ಪಿಗೆ ಕಾಗದ ಕನ್ನಡದಲ್ಲೇ ಇರಲಿ, ಅವರ ಮನೆಯವರ ಎದುರಿಗೇ ಓದಿ ಹೇಳಿ. ಟ್ರೇಲರ್‌ನಲ್ಲಿ ಆ ದನಿ ಇದ್ರೆ ಟ್ರೇಲರ್ ಕೆಳಗೂ ಹೆಸರು ಬರಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಹಾಡಿದ್ದೆಲ್ಲ ಜಾನಪದ ಅನ್ನೋ ಒಂದೇ ಮಾತಲ್ಲಿ ಕರಗಿ ಹೋಗಿದೆ, ನಿಮ್ಮ ಗೇಮಲ್ಲೂ ಹಾಗಾಗೋದು ಬೇಡ.

ಬೇಲೂರು ಬಸ್‌ಸ್ಟ್ಯಾಂಡ್

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಮ್ಮೂರ ದೇವಸ್ಥಾನದಲ್ಲಿ ಶಿಲ್ಪಿಗಳು ವಿಗ್ರಹದ ಕೆಳಗೆ ಹೆಸರು ಕೆತ್ತಿದ್ದಾರಲ್ಲ, ಅದರಲ್ಲಿ ಚಾವಣ ತಾನು ಬಳ್ಳಿಗಾವೆಯ ದಾಸೋಜನ ಮಗ ಅಂತ ಹೇಳ್ಕೊಂಡಿದ್ದಾನೆ. ದಾಸೋಜನೂ ಅಲ್ಲೇ ಕೆಲಸ ಮಾಡಿದ ಶಿಲ್ಪಿ. ಅಜ್ಜಿ ಹತ್ರ ಹೋದಾಗ ಆ ಹಾಡು ಯಾರಿಂದ ಕಲಿತ್ರಿ ಅಂತಲೂ ಕೇಳಿ. ಅವರು ಒಂದು ಹೆಸರು ಹೇಳಿದ್ರೆ ಅದನ್ನೂ ಹಾಕಿ.

ಕಣದ ರೈಟರ್

ಎಲ್ಲರಿಗೂ ಥ್ಯಾಂಕ್ಸ್. ತಮ್ಮನಿಗೂ ಓದಿಸ್ದೆ. ಚಿಕ್ಕ ವಿವರಣೆಯಲ್ಲಿ ಬೇರೆ ಗೇಮ್ ಹೆಸರು ಬೇಡ, ಕೊನೆಗೆ ಬಿಡಿಸಿ ಬರೆಯೋಣ ಅನ್ನೋದಕ್ಕೆ ಇಬ್ಬರೂ ಒಪ್ಪಿದ್ವಿ. ಇವತ್ತು ಅಜ್ಜಿ ಮನೆಗೂ ಹೋಗಿದ್ವಿ. ಹಾಡು ಅವರ ಸೋದರತ್ತೆಯಿಂದ ಬಂದಿದ್ದಂತೆ. ಅತ್ತೆ ಹೆಸರನ್ನ ಮೊದಲು ಹಾಕಿ, ನನ್ನದು ಆಮೇಲೆ ಅಂದ್ರು. ಹಾಗೇ ಹಾಕ್ತೀವಿ. ಆದ್ರೆ ದುಡ್ಡಿನ ಮಾತಿಗೆ "ಹಾಡಿಗೆಲ್ಲ ದುಡ್ಡು ತಗೊಳ್ಳೋಕಾಗತ್ತಾ" ಅಂತ ಎದ್ದೇಬಿಟ್ರು. ಬಿಸಿಲೆ ಘಾಟ್ ಅವರೇ, ಇದನ್ನ ಅವರ ಮಗನ ಹತ್ರ ಮಾತಾಡಿದ್ರೆ ಸರಿಯಾ, ಇಲ್ಲ ಅವರ ಹತ್ರವೇ ಇನ್ನೊಂದ್ಸಲ ಹೋಗ್ಬೇಕಾ?

ಬಿಸಿಲೆ ಘಾಟ್ (ಸಕಲೇಶಪುರ)

ಅವರ ಹತ್ರವೇ ಹೋಗಿ. ಮಗ ಅಲ್ಲ, ಹಾಡಿದ್ದು ಅವರು. ಹಾಡಿಗೆ ದುಡ್ಡು ಅನ್ನಬೇಡಿ, ರೆಕಾರ್ಡಿಂಗ್‌ಗೆ ಕೂತ ದಿನದ ಕೂಲಿ ಅನ್ನಿ, ಗೇಮ್ ಮಾರಾಟದಲ್ಲಿ ಒಂದು ಪಾಲು ಅವರಿಗೆ ಅಂತ ಕಾಗದದಲ್ಲಿ ಬೇರೆಯಾಗಿ ಬರೀರಿ. ಆಗಲೂ ಬೇಡ ಅಂದ್ರೆ, ಆ ಪಾಲು ಯಾರಿಗೆ ಹೋಗ್ಬೇಕು ಅಂತ ಅವರನ್ನೇ ಕೇಳಿ.